ಪತ್ರಾ ಮನೆಯ ಹಂದರ

ಚಿಕ್ಕೋಡಿ ಕೋರ್ಟಿನ ಹತ್ತಿರ ಟೈಪಿಂಗ್ ಮಾಡುವ ಜಕ್ಕಪ್ಪ ಬಾಡಿಗೆಗಿದ್ದ ಮನೆಯ ಮಾಡು ತಗಡಿನದು, ಊರವರ ಬಾಯಲ್ಲಿ ಪತ್ರಾ. ಏಪ್ರಿಲ್‌ನಲ್ಲಿ ಅದರ ಕೆಳಗೆ ಕೂತವನಿಗೆ ಹಂಚಿನ ಮೇಲಿನ ರೊಟ್ಟಿಯ ಕಷ್ಟ ಅರ್ಥವಾಗುತ್ತಿತ್ತು. ಮೂರು ತಿಂಗಳ ಕೂಸಿಗೆ ಮೈತುಂಬ ಬೆವರುಗುಳ್ಳೆ ಎದ್ದಾಗ ಹೆಂಡತಿ ದೀಪಾಲಿ ಗಂಟು ಕಟ್ಟಿದಳು. "ಮೊದಲ ಮನಿ ತಂಪ ಮಾಡ್ರಿ, ಆಮ್ಯಾಲ ಕರೀರಿ" ಎಂದು ಕೊಕಟನೂರಿನ ತವರಿಗೆ ಹೋದವಳು ಇಪ್ಪತ್ತು ದಿನವಾದರೂ ಬಂದಿರಲಿಲ್ಲ. ಕೂಸಿನ ಮುಖ ನೋಡದೆ ಜಕ್ಕಪ್ಪನಿಗೆ ಊಟ ಸೇರುತ್ತಿರಲಿಲ್ಲ.

ಮಾಲಕ ನೇಮಿನಾಥರಿಗೆ ಹೇಳಿ ಹೇಳಿ ನಾಲಿಗೆ ಸವೆದಿತ್ತು. ಕೊನೆಗೊಂದು ಭಾನುವಾರ ನಸುಕಿನಲ್ಲಿ ತಾನೇ ಪತ್ರಾ ಏರಿ ಬೆಳ್ಳಗೆ ಸುಣ್ಣ ಬಳಿದ. ಇಳಿಬಿಸಿಲು ಗೋಡೆಗೆ ಬಡಿಯದಂತೆ ಮುಂದೆ ನಾಲ್ಕು ಬೊಂಬು ನೆಟ್ಟು, ಕಬ್ಬಿನ ಒಣಸೋಗೆಯ ರವದಿ ಹೊದಿಸಿ ನೀರು ಚಿಮುಕಿಸಿದ.

ಸುಣ್ಣ ಮತ್ತು ಹಂದರ! ಎರಡೂ ಒಂದೇ ದಿನ ಕಂಡರೆ ನಮ್ಮ ಕಡೆ ಯಾರಿಗೂ ಸೆಕೆ ನೆನಪಾಗುವುದಿಲ್ಲ.

"ಯಾರ ಲಗ್ನ ಐತ್ರಿ?" ಎದುರುಮನೆಯ ಚನ್ನವ್ವ ಕೇಳಿದಳು.

ಬೆವರಿನಲ್ಲಿ ಮಿಂದಿದ್ದ ಜಕ್ಕಪ್ಪನಿಗೆ ರೇಗಿತು. "ನಂದ ಐತ್ರಿ, ಅಕ್ಷತಾ ಹಾಕಾಕ ಬರ್ರಿ!"

ಚನ್ನವ್ವನ ಮೊಬೈಲಿನಿಂದ ಸುದ್ದಿ ಕೊಕಟನೂರು ಮುಟ್ಟಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಇಳಿಹೊತ್ತಿಗೆ ದೀಪಾಲಿ ಕೂಸು ಎತ್ತಿಕೊಂಡು, ಅಣ್ಣ ಧರೆಪ್ಪನನ್ನು ಮುಂದಿಟ್ಟುಕೊಂಡು ಬಂದಳು.

"ಎಲ್ಲದಾಳಲೇ ನಿನ್ನ ಹೊಸಾ ಹೆಂಡ್ತಿ?" ಎಂದು ಧರೆಪ್ಪ ಕೊರಳಪಟ್ಟಿ ಹಿಡಿದ. ತನ್ನನ್ನು ಕೇಳದೆ ತನ್ನ ಮನೆಯಲ್ಲಿ ಲಗ್ನವೇ ಎಂದು ನೇಮಿನಾಥರೂ ಉರಿಯುತ್ತ ಬಂದರು.

"ಹೊಸಾ ಹೆಂಡ್ತಿ ಇಲ್ರೀ! ಇದ್ದಾಕಿನ್ನ ಕರಸ್ಕೊಳ್ಳಾಕ ಇಷ್ಟೆಲ್ಲಾ ಮಾಡೀನಿ. ಒಳಗ ಬಂದ ನೋಡ್ರಿ!" ಜಕ್ಕಪ್ಪ ಅಳುವುದೊಂದು ಬಾಕಿಯಿತ್ತು.

ಎಲ್ಲರೂ ಒಳಗೆ ಹೋದರು. ನೆಲ ತಣ್ಣಗಿತ್ತು. ಚಾಪೆಯ ಮೇಲೆ ಮಲಗಿಸಿದ ಕೂಸು ಎರಡು ಸಲ ಆಕಳಿಸಿ ನಿದ್ದೆ ಹೋಯಿತು. ಧರೆಪ್ಪ ಕೊರಳಪಟ್ಟಿ ಬಿಟ್ಟು ಅದರ ಸುಕ್ಕನ್ನೂ ನೀವಿದ. ದೀಪಾಲಿ ಕಣ್ಣೊರೆಸಿಕೊಂಡು, "ಇನ್ನ ನಾ ಎಲ್ಲೀ ಹೋಗೂದಿಲ್ರಿ" ಎಂದಳು. ಜಕ್ಕಪ್ಪನಿಗೆ ಇಪ್ಪತ್ತು ದಿನದ ಹಸಿವೆಲ್ಲ ಒಮ್ಮೆಲೇ ಆಯಿತು.

ನೇಮಿನಾಥರು ಮಾಡು ನೋಡಿದರು, ಗೋಡೆ ಮುಟ್ಟಿದರು, ಕೂಸನ್ನು ಬಹಳ ಹೊತ್ತು ದಿಟ್ಟಿಸಿದರು.

"ಚಲೋ ತಂಪ ಮಾಡೀರಿ ಜಕ್ಕಪ್ಪ. ನಾಳೆ ನಮ್ಮ ಮಗಳು ತೃಪ್ತಿ ಬಾಣಂತನಕ್ಕ ಬರಾಕತ್ತಾಳ. ನಮ್ಮ ಸ್ಲ್ಯಾಬಿನ ಮನಿ ಒಲಿ ಆಗೇತಿ, ಹಸಗೂಸಿನ್ನ ಎಲ್ಲಿ ಇಡೂದು ಅಂತ ಚಿಂತಿ ಹತ್ತಿತ್ತು. ಈ ಮನಿ ಖಾಲಿ ಮಾಡಿ ಕೊಡ್ರಿ."

ದೀಪಾಲಿ ಕೂಸನ್ನು ಎತ್ತಿಕೊಳ್ಳಲು ಬಾಗಿದಳು.

"ಅಯ್ಯ, ಎಬ್ಬಿಸಬ್ಯಾಡವಾ" ಎಂದು ನೇಮಿನಾಥರು ಮೆತ್ತಗೆ ಹೇಳಿದರು. "ಪಾಪ, ನಿದ್ದಿ ಮುಗೀಲಿ. ಆಮ್ಯಾಲ ಸಾಮಾನ ಕಟ್ಟೀರಂತ."