ಪ್ಯಾನೆಲ್ ಮೇಲಿನ ಸಂಡಿಗೆ

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾವ ಯಂತ್ರ ಕೆಟ್ಟರೂ ಅದನ್ನು ಬಿಚ್ಚಿ ನೋಡುವ ಮೊದಲೇ ಯಾರಿಂದ ಕೆಟ್ಟಿತೆಂದು ತೀರ್ಮಾನಿಸಿಬಿಡುತ್ತೇನೆ. ಮನೆಯಲ್ಲಿ ಮಿಕ್ಸಿ ನಿಂತರೆ ಹೆಂಡತಿ, ಫ್ಯಾನ್ ನಿಂತರೆ ಅತ್ತೆ. ನನ್ನ ತೀರ್ಮಾನ ತಪ್ಪಿದ್ದು ಕಡಿಮೆ. ಈ ವಿಷಯವಾಗಿ ಅವರಿಬ್ಬರನ್ನು ಮಾತ್ರ ದಯವಿಟ್ಟು ಕೇಳಬೇಡಿ.

ನನ್ನ ವ್ಯವಹಾರವೆಲ್ಲ ಉಪಗ್ರಹಗಳ ಜೊತೆ. ಅಜ್ಜಂಪುರದಾಚೆ ಒಂದು ಬೋಳು ದಿಣ್ಣೆಯ ಮೇಲೆ ಕಂಬ, ತುದಿಯಲ್ಲಿ ಬೋರಲು ಹಾಕಿದ ಬಟ್ಟಲಿನಂಥ ಆಂಟೆನಾ, ಕೆಳಗೆ ಸೋಲಾರ್ ಪ್ಯಾನೆಲ್, ಬ್ಯಾಟರಿ ಪೆಟ್ಟಿಗೆ; ಇಷ್ಟೇ ನಮ್ಮ ಸ್ಟೇಷನ್. ಆ ಆಂಟೆನಾ ಹಿಡಿದು ಕಳಿಸುವ ಸಂಕೇತವನ್ನು ನಂಬಿಕೊಂಡೇ ಸುತ್ತಲಿನ ಸರ್ವೆಯವರು ಜಮೀನಿನ ಗಡಿಯನ್ನು ಬೆರಳಗಲವೂ ತಪ್ಪದಂತೆ ಗುರುತಿಸುವುದು. ಕಡೂರಿನಿಂದ ತಿಂಗಳಿಗೊಮ್ಮೆ ಹೋಗಿ ಅದರ ಯೋಗಕ್ಷೇಮ ನೋಡುವವನು ನಾನು. ಒಮ್ಮೆ ಹೋದಾಗ ಪ್ಯಾನೆಲ್ ಮೇಲೆ ಸಾಲಾಗಿ ಸಂಡಿಗೆ ಮಲಗಿದ್ದವು. ಪಕ್ಕದ ಹೊಲದ ರಜಿಯಾಬಿಯವರದು. "ಇಲ್ಲಾದ್ರೆ ಮೇಕೆ ಬಾಯಿಗೆ ಸಿಗಾಕಿಲ್ಲ ಕಣ್ರೀ. ಎರಡು ಗಂಟೆ ಅಷ್ಟೇ, ಆಮೇಲೆ ತೆಗ್ದು ಒರೆಸ್ಬಿಡ್ತೀನಿ" ಎಂದರು. ನನಗೆ ರೇಗಿತು. ಮುಂದಿನ ಸಲ ಹೊಸ ರಿಸೀವರ್, ಹೊಸ ಬ್ಯಾಟರಿ ಕೂರಿಸುವಾಗಲೇ ಸುತ್ತ ಬೇಲಿ, ಬೀಗ, 'ಅನುಮತಿ ಇಲ್ಲದೆ ಪ್ರವೇಶವಿಲ್ಲ' ಎಂಬ ಬೋರ್ಡು ಎಲ್ಲ ಹಾಕಿಸಿದೆ. ಇನ್ನು ತಿಂಗಳಿಗೊಮ್ಮೆ ಹೋಗುವ ಅಗತ್ಯವೇ ಇಲ್ಲವೆಂದು ಕಚೇರಿಗೆ ಹೆಮ್ಮೆಯಿಂದ ತಿಳಿಸಿದೆ.

ಮೂರು ತಿಂಗಳಾಗಿರಲಿಲ್ಲ, ಸ್ಟೇಷನ್ ದಿನಾ ಬೆಳಗಿನ ಹೊತ್ತು ಕೈಕೊಡತೊಡಗಿತು. ಸರ್ವೆಯವರು ಎರಡು ಸಲ ಬಂದು ಬರಿಗೈಲಿ ಹಿಂತಿರುಗಿದರು. ಅವರು ಅಳೆಯಬೇಕಿದ್ದದ್ದು ರಜಿಯಾಬಿಯವರ ಹೊಲವನ್ನೇ. ಗಡಿ ಗೊತ್ತಾಗದೆ ರಸ್ತೆ ಬದಿಯಲ್ಲಿ ಮಗಳ ಹೊಲಿಗೆ ಅಂಗಡಿಗೆ ಪಾಯ ತೋಡುವಂತಿರಲಿಲ್ಲ. ಮೂರನೆಯ ಸಲ ಬರುವ ಹಿಂದಿನ ದಿನ ನಾನು ಹೊರಟೆ. ಬೇಲಿ ದಾಟಿ ಸಂಡಿಗೆ ಹಾಕಿದ್ದಾರೆಂದು ಬಸ್ಸಿನಲ್ಲೇ ತೀರ್ಮಾನವಾಗಿತ್ತು.

"ಏನಮ್ಮಾ, ಮತ್ತೆ ಶುರು ಮಾಡಿದ್ರಾ?" ಎಂದೆ.

"ನಿಮ್ ಬೀಗ ಬಿದ್ಮೇಲೆ ಅತ್ತಾಗೆ ಕಾಲಿಟ್ಟಿಲ್ಲ ಕಣ್ರೀ. ನೀವೇ ಹೋಗಿ ನೋಡಿ."

ನೋಡಿದೆ. ಸಂಡಿಗೆ ಇರಲಿಲ್ಲ. ಪ್ಯಾನೆಲ್ಲೂ ಕಾಣುತ್ತಿರಲಿಲ್ಲ. ಪಕ್ಕದ ಕಣದಲ್ಲಿ ರಾಗಿ ಒಕ್ಕಿದ ಧೂಳೆಲ್ಲ ಅದರ ಮೇಲೆ ಕಂಬಳಿ ಹೊದಿಸಿತ್ತು. ಬ್ಯಾಟರಿ ಪಾಪ ಅರೆಹೊಟ್ಟೆಯಲ್ಲಿ ಬೆಳಗಿನ ತನಕ ಹೇಗೋ ಎಳೆದು ಕೈಚೆಲ್ಲುತ್ತಿತ್ತು. ಸಂಡಿಗೆಗೆಂದು ಒದ್ದೆ ಬಟ್ಟೆಯಲ್ಲಿ ದಿನಾ ಒರೆಸುತ್ತಿದ್ದವರನ್ನು ಹೊರಗೆ ಹಾಕಿ ಬೀಗ ಜಡಿದವನು ನಾನೇ. ನಿಜಕ್ಕೂ ನಾಚಿಕೆಯಾಯಿತು. ರಜಿಯಾಬಿ ಬಯ್ಯಲಿಲ್ಲ, ಕೊಡ ತಂದರು. "ಬಿಸ್ಲು ಇನ್ನೂ ಐತೆ, ಬೇಗ್ ಬೇಗ ಉಜ್ಜಿ" ಎಂದರು. ಉಜ್ಜಿದೆ. ಮಾರನೆಯ ಬೆಳಿಗ್ಗೆ ಸ್ಟೇಷನ್ ಗಟ್ಟಿಯಾಗಿ ನಿಂತಿತು, ಸರ್ವೆಯವರು ಗಡಿಕಲ್ಲು ನೆಟ್ಟರು.

ಬೀಗದ ಕೈಯನ್ನು ರಜಿಯಾಬಿಯವರಿಗೇ ಒಪ್ಪಿಸಿ ಬಂದೆ. ಪ್ಯಾನೆಲ್ ಶುಚಿಗೆ ಸ್ಥಳೀಯ ವ್ಯವಸ್ಥೆಯೊಂದನ್ನು ರೂಪಿಸಿದ್ದೇನೆಂದು ಕಚೇರಿಗೆ ಬರೆದೆ, ಶಹಭಾಸ್ ಎಂದರು. ಮೊನ್ನೆ ಹೋದಾಗ ಗೇಟಿಗೆ ಬೀಗ, ಒಳಗೆ ಸಂಡಿಗೆ. ಬೀಗ ತೆಗೆಯಿರಿ ಎಂದು ಕೂಗಿದೆ. ಹೊಸ ಅಂಗಡಿಯ ಪಾಯದ ಹತ್ತಿರದಿಂದಲೇ ಉತ್ತರ ಬಂತು: "ಇನ್ನೂ ಹಸಿ ಐತೆ, ತಡೀರಿ. ಅಲ್ಲೀಗಂಟ ಬೋರ್ಡ್ ಓದ್ಕಂಡು ನಿಂತಿರಿ!"

ನಿಂತು ಓದಿದೆ. ಚೆನ್ನಾಗಿಯೇ ಬರೆಸಿದ್ದೇನೆ, ಅಕ್ಷರಗಳು ದೊಡ್ಡವಾಗಿವೆ.