ನನ್ನ ಮಾತಾಡುವ ಸಾಮಾನುಗಳೂ ಅವುಗಳ ಸೆಲ್ಲುಗಳೂ

ಮಾತಾಡುವ ಸಾಮಾನು ನಂಬಿ ಬದುಕುವವರಿಗೆ ಇಂಥವು ಆಗುತ್ತಲೇ ಇರುತ್ತವೆ. ಒಂದನ್ನು ಮರೆಯುವಷ್ಟರಲ್ಲಿ ಇನ್ನೊಂದರ ಸೆಲ್ಲು ಮುಗಿದಿರುತ್ತದೆ. ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಊರು ಹಿಂದೂಪುರ, ಅಣ್ಣನ ಮನೆ ಅಲ್ಲಿದೆ. ಕೆಲಸ ಕಲ್ಯಾಣದುರ್ಗದ ಒಂದು ಆಫೀಸಿನಲ್ಲಿ: ಫೋನ್ ಎತ್ತುವುದು, ಅವರು ಕೇಳಿದವರಿಗೆ ಲೈನು ಕೊಡುವುದು. ಹಗಲೆಲ್ಲ ಎಷ್ಟೋ ಜನ ನನ್ನ ಜೊತೆ ಮಾತಾಡುತ್ತಾರೆ, ಎಲ್ಲರಿಗೂ ಬೇಕಾದವರು ಬೇರೆಯವರು. ಸಂಜೆ ರೂಮಿಗೆ ಬಂದರೆ ಮಾತಿಗೆ ಸಿಗುವುದು ಸಾಮಾನುಗಳೇ.

೧. ಕೋಳಿ ಟಿಕೆಟ್ಟು

ನನ್ನ ಕೈಗಡಿಯಾರ ಗುಂಡಿ ಒತ್ತಿದರೆ ಟೈಮು ಹೇಳುತ್ತದೆ. ಒಮ್ಮೆ ಸುಮ್ಮನಾಯಿತು. ಹಿಂದೂಪುರದ ರಿಪೇರಿಯವನು ತಿರುಪು ಬಿಚ್ಚಿ ಹೊಸ ಸೆಲ್ಲು ಹಾಕಿ, "ನೋಡಮ್ಮ, ಎಷ್ಟ್ ಚೆನ್ನಾಗೈತೆ" ಎಂದು ನನ್ನ ಮುಖದ ಮುಂದೆ ಹಿಡಿದ. ನೋಡಿದೆ ಅಂದೆ.

ಅವನು ಅಲಾರಮ್ಮಿನ ಯಾವ ಗುಂಡಿ ಅದುಮಿಬಿಟ್ಟಿದ್ದನೋ, ಸೋಮವಾರ ಬೆಳಿಗ್ಗೆ ಬಸ್ಸು ಸೋಮಂದೇಪಲ್ಲಿ ದಾಟಿದಾಗ, ಏಳಕ್ಕೆ ಸರಿಯಾಗಿ, ನನ್ನ ಸೆರಗಿನೊಳಗಿಂದ ಹುಂಜ ಕೂಗಿತು.

"ಕೋಡಿ ಎವರಿದಿ?" ಕೋಳಿ ಯಾರದೆಂದು ಕಂಡಕ್ಟರ್ ತೆಲುಗಿನಲ್ಲಿ ಕೇಳಿದ.

"ಆಯಮ್ಮ ಸೆರಗ್ನಾಗೆ ಮುಚ್ಕೊಂಡವ್ಳೆ," ಹಿಂದಿನ ಸೀಟಿನವರು ದೂರು ಕೊಟ್ಟರು.

"ಕೋಳಿಗೂ ಟಿಕೆಟ್ ತಗೋಬೇಕು ಕಣಮ್ಮ."

ನಾನು ಕೈ ಎತ್ತಿ ಗುಂಡಿ ಒತ್ತಿದೆ. ಗಡಿಯಾರದ ಹೆಂಗಸು ಇಂಗ್ಲಿಷಿನಲ್ಲಿ ಟೈಮು ಹೇಳಿದಳು. ಕಂಡಕ್ಟರ್ ನಿಟ್ಟುಸಿರು ಬಿಟ್ಟು, "ಇಂಗ್ಲಿಷ್ ಮೀಡಿಯಂ ಕೋಳಿ ಕಣಪ್ಪ, ಟಿಕೆಟ್ ಬ್ಯಾಡ" ಎಂದ.

ಆವತ್ತು ಕಲ್ಯಾಣದುರ್ಗ ಬರುವವರೆಗೂ ಎಲ್ಲರೂ ನನ್ನನ್ನು ಮಾತಾಡಿಸಿದರು. ಆ ವಾರವೇ ಕೋಳಿ ನಿಲ್ಲಿಸಿದೆ. ಮುಂದಿನ ಸೋಮವಾರ ಅದೇ ಬಸ್ಸಿನಲ್ಲಿ ಯಾರೂ ಮಾತಾಡಿಸಲಿಲ್ಲ. ಕೋಳಿ ಇರಬೇಕಿತ್ತು ಅನ್ನಿಸಿತು.

೨. ಕೆಂಪೋ ಹಸಿರೋ

ಅಣ್ಣ ಪುಸ್ತಕ ಓದಿ ಹೇಳುವ ಹೊಸ ಮೆಷಿನ್ ಕೊಡಿಸಿದ್ದ. ನುಣ್ಣಗಿನ ಡಬ್ಬಿ, ಎಲ್ಲಿ ತಡವಿದರೂ ಮುಚ್ಚಳವೇ ಇಲ್ಲ. ಬ್ಯಾಟರಿ ಒಳಗೇ ಅಂಟಿಸಿದ್ದಾರಂತೆ. ವರ್ಷ ಕಳೆಯಿತು, ಒಂದು ಸಂಜೆ ಕಥೆಯ ನಡುವೆ ಉಸಿರು ನಿಂತಿತು. ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ.

"ಚಾರ್ಜಿಗೆ ಹಾಕಿ ಮೇಡಂ. ಕೆಂಪು ಲೈಟ್ ಬರುತ್ತಾ, ಹಸಿರು ಬರುತ್ತಾ?"

"ನಂಗೆ ಕಣ್ಣು ಕಾಣಲ್ಲಪ್ಪ. ಅದಕ್ಕೇ ಈ ಮೆಷಿನ್ ತಗೊಂಡಿರೋದು."

"ಓ ಸಾರಿ. ಪಕ್ಕದಲ್ಲಿರೋರನ್ನ ಕೇಳಿ ಹೇಳಿ."

"ಪಕ್ಕದಲ್ಲಿ ಯಾರೂ ಇಲ್ಲ."

"ಮನೇಲಿ ಬೇರೆ ಯಾರಿದಾರೆ?"

"ಇದೊಂದು ಇತ್ತು. ಇದೂ ಹೋಯ್ತು."

ಪಾಪ, ಒಳ್ಳೆಯ ಹುಡುಗ, ದನಿ ಮೆತ್ತಗಾಯಿತು. "ಪರವಾಗಿಲ್ಲ ಮೇಡಂ, ಅರ್ಜೆಂಟಿಲ್ಲ. ಸಮಾಧಾನವಾಗಿ ನೀವೇ ಒಂದ್ಸಲ ನೋಡಿ ಹೇಳಿ."

೩. ರೂಮಿನಲ್ಲಿ ಗಂಡಸು

ಮೆಷಿನ್ ಬೆಂಗಳೂರಿಗೆ ಹೋಯಿತು. ಮೂರು ವಾರ ಎಂದರು. ಮೊದಲ ವಾರ ಗಡಿಯಾರದ ಗುಂಡಿ ಒತ್ತಿ ಒತ್ತಿ ಟೈಮು ಕೇಳಿದೆ. ಎರಡನೇ ವಾರ ಗೋಡೆಗೆ ಕಿವಿ ಕೊಟ್ಟು ಪಕ್ಕದ ಮನೆಯ ಸೀರಿಯಲ್ ಕೇಳಿದೆ. ಜಾಹೀರಾತು ಬಂದಾಗ ಅವರು ದನಿ ತಗ್ಗಿಸಿದರೆ ಬೇಜಾರಾಗುತ್ತಿತ್ತು. ಕೊನೆಗೆ ಅತ್ತಿಗೆಗೆ ಹೇಳಿ, ಅಟ್ಟದಲ್ಲಿದ್ದ ಹಳೇ ಟೇಪ್ ರೆಕಾರ್ಡರನ್ನೂ ಕಥೆ ಓದಿ ತುಂಬಿಸಿದ ಕ್ಯಾಸೆಟ್ಟುಗಳನ್ನೂ ತರಿಸಿಕೊಂಡೆ. ಅದಕ್ಕೆ ನಾಲ್ಕು ಸೆಲ್ಲು. ಮೂಲೆಯ ಅಂಗಡಿಯಿಂದ ತಂದು, ಬೆರಳಲ್ಲಿ ಸೆಲ್ಲಿನ ತುದಿಯ ಉಬ್ಬು ಹುಡುಕಿ ನಾನೇ ಹಾಕಿದೆ.

ಅಂಗಡಿಯವನು ಕೊಟ್ಟಿದ್ದು ಹಳೇ ಮಾಲು. ಕಥೆ ಓದುವ ಗಂಡಸಿನ ದನಿ ಅರ್ಧ ಗಂಟೆಯಲ್ಲೇ ತೊದಲತೊಡಗಿತು. "ನೀ...ನಿಲ್ಲದೇ... ನಾ...ನು..." ಎಂದು ಎಳೆಯಿತು. ಆಫ್ ಮಾಡಬೇಕಿತ್ತು. ಆದರೆ ಎಷ್ಟೋ ದಿನದ ಮೇಲೆ ರೂಮಿನಲ್ಲಿ ಇನ್ನೊಬ್ಬರ ದನಿ, ಬಿಟ್ಟೆ.

ಬಾಗಿಲು ದಬದಬ. ಮನೆ ಓನರಮ್ಮ.

"ಎವರಮ್ಮಾ ಲೋಪಲ? ಒಳಗ್ಯಾರು? ಗಂಡ್ಸು! ಅದೂ ಕುಡ್ಕೊಂಡು ಬಂದ್ಬುಟ್ಟವ್ನೆ! ಈಚೆ ಕಳ್ಸು ಅವುನ್ನ. ಇಲ್ಲಾಂದ್ರೆ ನಾಳೇನೇ ರೂಮ್ ಖಾಲಿ ಮಾಡು."

ಚಿಲಕ ತೆಗೆದೆ. ಒಂಟಿ ಕುರುಡಿಗೆ ರೂಮು ಕೊಡುವವರು ಈ ಊರಲ್ಲಿ ಇವರೊಬ್ಬರೇ ಸಿಕ್ಕಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ಒಳಗೆ ನುಗ್ಗಿ ದೊಡ್ಡ ಟಾರ್ಚು ಹಿಡಿದು ಮಂಚದ ಕೆಳಗೆ ಬಗ್ಗಿದ್ದರು. ಮೇಜಿನ ಮೇಲಿಂದ ದನಿ ಮತ್ತೆ, "ನಾ...ನು... ಎಲ್ಲಿಗೆ... ಹೋ..." ಎಂದಿತು.

ಅವರ ಕೈ ಹಿಡಿದು ತಂದು ಟೇಪಿನ ಮೇಲಿಟ್ಟೆ. ಹಿಂದಿನ ಮುಚ್ಚಳ ತೆಗೆದೆ. ಸೆಲ್ಲು ಉದುರಿದವು, ಗಂಡಸು ಥಟ್ಟನೆ ಬಾಯಿ ಮುಚ್ಚಿದ. ಅವರ ಟಾರ್ಚಿನ ನಾಲ್ಕು ಸೆಲ್ಲು ಬಿಚ್ಚಿ ಹಾಕಿದೆ. ಈಗ ಅವನು ಸ್ಪಷ್ಟವಾಗಿ, ಬಲು ಮರ್ಯಾದಸ್ಥನಂತೆ ಕಥೆ ಮುಂದುವರಿಸಿದ.

ಓನರಮ್ಮ ಮಂಚದ ಮೇಲೆ ಕೂತರು. ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿಯುವವರೆಗೂ ಏಳಲಿಲ್ಲ. ನನ್ನ ಮಂಚದ ಮೇಲೆ ಇನ್ನೊಬ್ಬರ ಭಾರ ಬಿದ್ದು ಎಷ್ಟು ಕಾಲವಾಗಿತ್ತೋ.

ಅಷ್ಟರಲ್ಲಿ ಹೊರಗಿಂದ ಅವರ ಯಜಮಾನರು, "ಏನೇ ಅದು? ಯಾರಂತೆ? ಅನ್ನಕ್ಕಿಟ್ಯಾ? ನೀರು ಬಂತಾ? ಬಾಗ್ಲು ಹಾಕಿದ್ಯಾ?" ಎಂದು ಶುರು ಮಾಡಿದರು.

ಓನರಮ್ಮ ಟೇಪಿನ ಬೆನ್ನನ್ನು ಮತ್ತೊಮ್ಮೆ ಸವರಿ ನನ್ನ ಕಿವಿಯಲ್ಲಿ ಅಂದರು:

"ಮೂವತ್ತು ವರ್ಸದಿಂದ ನೋಡ್ತಾ ಇವ್ನಿ ಕಣಮ್ಮ, ನಮ್ಮೋರಿಗೆ ಈ ಮುಚ್ಚಳ ಎಲ್ಲೈತೆ ಅಂತಾನೇ ಗೊತ್ತಾಗ್ಲಿಲ್ಲ."