ಹೊನ್ನಾಳಿಯ ಹೂವು, ಜಗಳೂರಿನ ಹೂವು

ಮನೆಯಲ್ಲಿ ಭೌತಶಾಸ್ತ್ರ ಓದಿದವನೊಬ್ಬನಿದ್ದರೆ ಇಂಥವು ನಡೆಯುತ್ತಲೇ ಇರುತ್ತವೆ. ನಮ್ಮ ಮನೆಯಲ್ಲಿ ಅಣ್ಣ ಇದ್ದ. ಹೊನ್ನಾಳಿಯಲ್ಲಿ ಮೇಷ್ಟ್ರು. ಎರಡನೇ ಮಹಾಯುದ್ಧದ ಕಾಲ. ಅವನಿಗೆ ಜಗಳೂರಿನಿಂದ ಒಂದು ಸಂಬಂಧ ಬಂದಿತ್ತು. ಈಗ ನಾಗಪುರದಲ್ಲಿ ಕೂತು ನೆನೆದರೂ ನಗು ಬರುವುದು ಆ ವರ್ಷದ್ದೇ.

ಅವ್ವನ ಪ್ರಶ್ನೆ

ಅಣ್ಣ ಅಡುಗೆಮನೆಯಲ್ಲಿ ಕೂತು ಅವ್ವನಿಗೆ ವಿವರಿಸುತ್ತಿದ್ದ.

"ಎರಡು ಕಣ ಜೊತೆಗೇ ಹುಟ್ಟಿ ಬೇರೆಯಾಗ್ತವೆ ಅಂತಿಟ್ಕೋ. ಒಂದು ಇಲ್ಲೈತೆ, ಇನ್ನೊಂದು ಚನ್ನಗಿರಿಗೆ ಹೋಗೈತೆ. ಇಲ್ಲಿದ್ದುದನ್ನ ನೋಡಿದ ಕೂಡಲೇ ಅಲ್ಲಿದ್ದುದು ಹೆಂಗೈತೆ ಅಂತ ಗೊತ್ತಾಗ್ತೈತೆ. ಬೇರೆಯಾಗೋವಾಗಲೇ ಎರಡರೊಳಗೂ ತೀರ್ಮಾನ ಆಗಿರ್ತೈತೆ, ನಮಗೆ ಕಾಣಲ್ಲ ಅಷ್ಟೇ ಅಂತ ಒಂದು ಪಕ್ಷ. ನೋಡೋ ತನಕ ಏನೂ ತೀರ್ಮಾನ ಆಗಿರಲ್ಲ ಅಂತ ಇನ್ನೊಂದು. ನಾನು ಮೊದಲನೇ ಪಕ್ಷ."

ಅವ್ವ ರೊಟ್ಟಿ ಬಡಿಯುತ್ತಲೇ ಕೇಳಿದಳು: "ಚನ್ನಗಿರಿಗೆ ಹೋಗಿದ್ದು ಯಾರ ಮನೇಲಿ ಇಳ್ಕೊಂಡೈತೆ?"

"ಯಾರ ಮನೇಲೂ ಇಲ್ಲವ್ವಾ."

"ಹಂಗಾದ್ರೆ ಊಟದ ಹೊತ್ತಿಗೆ ವಾಪಸ್ ಬರ್ತೈತೆ ಬಿಡು."

ಅಂಗಿ

ಹೆಣ್ಣು ನೋಡಲು ಹೋಗುವುದಕ್ಕೆಂದು ಅಣ್ಣ ದರ್ಜಿ ಸಾಹೇಬರ ಹತ್ತಿರ ಅಂಗಿಗೆ ಕೊಟ್ಟಿದ್ದ. ಅಳತೆ ಕೊಡುವಾಗ ಅವರಿಗೂ ಎರಡೂ ಪಕ್ಷ ಹೇಳಿ ಬಂದಿದ್ದ. ಹೊರಡುವ ಹಿಂದಿನ ದಿನ ಹೋಗಿ, "ಅಂಗಿ ಆಗೈತಾ ಸಾಹೇಬ್ರೇ?" ಎಂದ.

"ನೋಡೋ ತನಕ ಆಗೈತೆ ಅನ್ನಂಗಿಲ್ಲ, ಆಗಿಲ್ಲ ಅನ್ನಂಗೂ ಇಲ್ಲ. ನೀವೇ ಹೇಳಿದ್ರಲ್ಲ ಮೇಷ್ಟ್ರೇ."

"ಅದು ನನ್ನ ಪಕ್ಷ ಅಲ್ಲ. ತೆಗೀರಿ, ನೋಡ್ತೀನಿ."

"ಬ್ಯಾಡ್ರಿ. ನೋಡಿದ್ರೆ ಆಗಿಲ್ಲ ಅಂತ ಆಗಿಬಿಡ್ತೈತೆ."

ಅಣ್ಣ ಅಪ್ಪನ ಅಂಗಿ ತೊಟ್ಟು ಜಗಳೂರಿಗೆ ಹೋದ.

ಬಲವೋ ಎಡವೋ

ಹುಡುಗಿ ಅಣ್ಣನಿಗೆ ತುಂಬ ಹಿಡಿಸಿದಳು. ಆದರೆ ಅಪ್ಪನಾಗಲಿ ಹುಡುಗಿಯ ತಂದೆಯಾಗಲಿ ದೇವರನ್ನು ಕೇಳದೆ ಮುಂದುವರಿಯುವವರಲ್ಲ. ನೀರಿನಲ್ಲಿ ಅದ್ದಿದ ಹೂವನ್ನು ದೇವರ ಮೈಯ ಎರಡೂ ಬದಿಗೆ ಅಂಟಿಸುವುದು. ಬಲದ್ದು ಮೊದಲು ಬಿದ್ದರೆ ಮದುವೆ, ಎಡದ್ದು ಬಿದ್ದರೆ ಇಲ್ಲ. ಒಂದೇ ಸೋಮವಾರ ಎರಡೂ ಊರಲ್ಲಿ ಕೇಳುವುದು, ಒಂದು ಕಡೆ ಎಡದ್ದು ಬಿದ್ದರೂ ಸಂಬಂಧ ಬಿಡುವುದು ಎಂದಾಯಿತು. ಆ ವಾರ ಅಣ್ಣನಿಗೆ ತುತ್ತು ಇಳಿಯಲಿಲ್ಲ.

"ಎಲ್ಲಾ ಮೊದಲೇ ತೀರ್ಮಾನ ಆಗಿರ್ತೈತೆ ಅಂತೀಯಲ್ಲ, ಉಣ್ಣಾಕೇನು?" ಎಂದಳು ಅವ್ವ.

ನಮ್ಮಲ್ಲಿ ಬಲದ್ದೇ ಬಿತ್ತು. ಮಾರನೆಯ ದಿನ ಹುಡುಗಿಯ ತಂದೆ ಪೆಟ್ರೋಲು ಸಿಗದೆ ಇದ್ದಿಲಲ್ಲಿ ಓಡುತ್ತಿದ್ದ ಬಸ್ಸಿನ ಮಸಿ ಮೆತ್ತಿಕೊಂಡು ಬಂದಿಳಿದು, "ನಮ್ಮಲ್ಲೂ ಬಲದ್ದೇ" ಎಂದರು.

ಅಪ್ಪ ಅಣ್ಣನ ಕಡೆ ತಿರುಗಿದರು. "ಇಲ್ಲಿ ಬಿದ್ದಿದ್ದು ಆಗಲೇ ಅಲ್ಲಿಗೆ ಗೊತ್ತಾಗೈತೆ ನೋಡು. ಅದೂ ಬಸ್ಸಿಲ್ಲದೆ."

ಅತ್ತಿಗೆ

ಮದುವೆಯಾಗಿ ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಅಣ್ಣ, ಅತ್ತಿಗೆ, ನಾನು ಅವರೆಕಾಯಿ ಸುಲಿಯುತ್ತಿದ್ದೆವು. ಅಪ್ಪ ಮನೆಯಲ್ಲಿಲ್ಲವೆಂದು ನೋಡಿಕೊಂಡು ಅಣ್ಣ ಬಾಯಿಬಿಟ್ಟ.

"ಅವತ್ತು ಬಲದ ಹೂವನ್ನ ಸಡಿಲ ಅಂಟಿಸ್ರಿ ಅಂತ ಪೂಜಾರಿಗೆ ನಾನೇ ಹೇಳಿದ್ದೆ. ನಿಮ್ಮೂರಾಗೆ ಹೆಂಗೆ ಬಲದ್ದೇ ಬಿತ್ತು ಅನ್ನೋದೇ ತಿಳೀಲಿಲ್ಲ."

"ನಮ್ಮೂರ ಪೂಜಾರಿಗೆ ನಾನೂ ಹೇಳಿದ್ದೆ ಕಣ್ರೀ," ಎಂದರು ಅತ್ತಿಗೆ.

ಅಣ್ಣ ಮೊರ ಪಕ್ಕಕ್ಕಿಟ್ಟ. "ಕೇಳಿದೇನು? ಒಬ್ಬರಿಗೊಬ್ಬರು ಹೇಳ್ಕೊಂಡಿಲ್ಲ, ಆದ್ರೂ ಎರಡು ಕಡೆ ಒಂದೇ ಉತ್ತರ. ಇಬ್ಬರೊಳಗೂ ಮೊದಲೇ ತೀರ್ಮಾನ ಆಗಿತ್ತು. ಗೆದ್ದಿದ್ದು ನನ್ನ ಪಕ್ಷನೇ."

ಅತ್ತಿಗೆ ಇನ್ನೊಂದು ಕಾಯಿ ಸುಲಿದು ಕಾಳು ಹಾಕಿದರು.

"ನಾನು ಸಡಿಲ ಮಾಡ್ರಿ ಅಂದಿದ್ದು ಎಡದ್ದನ್ನ."